ತಾಯಿಮರದ ಬುಡದ ಮಣ್ಣು

ಕಾಡಿನ ದೊಡ್ಡ ಮರಗಳು ನೆಲದಡಿಯ ಶಿಲೀಂಧ್ರದ ಎಳೆಗಳ ಮೂಲಕ ಸಸಿಗಳಿಗೆ ಉಣಿಸುತ್ತವೆ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. 'ಹೌದಾ ಮಾರಾಯ್ರೇ?' ಅಂತ ನನ್ನನ್ನೂ ಕೆಲವರು ಕೇಳಿದ್ದುಂಟು. ಗುಡ್ಡದಲ್ಲಿ ಕಾಡುಗಿಡ ನೆಡುವವರಿಗೆ ಇದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಅಂತ ಗೊತ್ತಾಗಬೇಕು.

ಮಾತು ಹಬ್ಬಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ. ಅಲ್ಲಿ ಸುಜಾನ್ ಸಿಮರ್ಡ್ ಮತ್ತು ಸಂಗಡಿಗರು ಬರ್ಚ್, ಡಗ್ಲಸ್ ಫರ್ ಸಸಿಗಳನ್ನು ಹತ್ತಿರ ಹತ್ತಿರ ನೆಟ್ಟರು. ಎಲೆಗಳಿಗೆ ಚೀಲ ಕಟ್ಟಿ, ಆಮೇಲೆ ಪತ್ತೆ ಹಚ್ಚಬಹುದಾದ ಇಂಗಾಲವಿರುವ ಗಾಳಿ ಬಿಟ್ಟರು. ಬರ್ಚ್ ಎಳೆದುಕೊಂಡ ಇಂಗಾಲದಲ್ಲಿ ಸ್ವಲ್ಪ ಪಕ್ಕದ ಫರ್‌ನಲ್ಲಿ ಸಿಕ್ಕಿತು. ದಟ್ಟ ನೆರಳಲ್ಲಿದ್ದ ಫರ್‌ಗೆ ಹೆಚ್ಚು ಪಾಲು. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಬಂತು. ಜೊತೆಗೆ ನೆಟ್ಟಿದ್ದ ಸೀಡರ್ ಬೇರಿನದ್ದು ಬೇರೆ ಬಗೆಯ ಶಿಲೀಂಧ್ರ, ಎಳೆ ಕೂಡುವಂತಿಲ್ಲ. ಆದರೂ ಅದರಲ್ಲೂ ಒಂಚೂರು ಸಿಕ್ಕಿತ್ತು. ಅಂದರೆ ಬರೀ ಮಣ್ಣಿನ ಮೂಲಕವೂ ಹೋಗುತ್ತದೆ! ಕತೆ ಹೇಳುವವರು ಇದನ್ನು ಬಿಟ್ಟೇಬಿಟ್ಟರು.

ತಾಯಿಮರ ತನ್ನ ಮರಿಗಳನ್ನೇ ಆರಿಸಿ ಉಣಿಸುತ್ತದೆ ಎನ್ನಲು ಕಾಡಿನಲ್ಲಿ ಪುರಾವೆ ಸಿಕ್ಕಿಲ್ಲ ಎಂದು 2023ರಲ್ಲಿ ಮೂವರು ವಿಜ್ಞಾನಿಗಳು ಬರೆದರು. ಅವರಲ್ಲೊಬ್ಬರಾದ ಮೆಲನಿ ಜೋನ್ಸ್ 1997ರ ತಂಡದಲ್ಲೂ ಇದ್ದವರು. ಈ ಗುಣ ನನಗೆ ಹಿಡಿಸಿತು.

ಹಾಗಂತ ಶಿಲೀಂಧ್ರದ ಉಪಕಾರ ಸುಳ್ಳಲ್ಲ. ಪೋರ್ಟೊರಿಕೊ ದ್ವೀಪದಲ್ಲಿ ಪೈನ್ ಸಸಿ ಎಷ್ಟು ಸಲ ನೆಟ್ಟರೂ ಕುಂಟಿ, ಹಳದಿಯಾಗಿ ಸಾಯುತ್ತಿತ್ತು. 1955ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಪೈನ್ ಕಾಡಿನ ಮಣ್ಣು ತಂದು ಬುಡಕ್ಕೆ ಕೊಟ್ಟ ಮೇಲೆ ಚಿಗುರಿತು. ಅಲ್ಲಿಲ್ಲದ ಜೊತೆಗಾರ ಆ ಮಣ್ಣಲ್ಲಿದ್ದ. ಬೇರು ತಲುಪದ ಸಂದಿಯಿಂದ ರಂಜಕ, ನೀರು ತಂದುಕೊಡುವವನು ಅವನೇ. ಕೂಲಿ, ಎಲೆ ಮಾಡಿದ ಸಕ್ಕರೆ.

ನಮ್ಮ ಘಟ್ಟದ ಕಿರಾಲುಬೋಗಿ, ಸಾಲುಧೂಪದ ಬೇರಿಗೂ ಇದೇ ಬಗೆಯ ಶಿಲೀಂಧ್ರ. ಮಳೆಗಾಲದಲ್ಲಿ ಆ ಮರಗಳಡಿ ಏಳುವ ಕೆಲವು ಅಣಬೆಗಳು ಅದರವೇ. ಅಡಿಕೆ, ಮಾವು, ಹಲಸಿನದು ಬೇರೆ ಬಗೆ. ಬೇರಿನೊಳಗೆ ಸೇರಿಕೊಂಡಿರುತ್ತದೆ, ಕಣ್ಣಿಗೆ ಕಾಣದು. ಹಾಗಾಗಿ ಹಲಸಿನ ಬುಡದ ಮಣ್ಣು ಬೋಗಿಗೆ ಉಪಕಾರಕ್ಕಿಲ್ಲ.

ಬೋಗಿ ಸಸಿ ಮಾಡುವಾಗ ಹಳೇ ಬೋಗಿಮರದಡಿಯ ತರಗೆಲೆ ಸರಿಸಿ, ಮೇಲ್ಮಣ್ಣು ಒಂದೆರಡು ಹಿಡಿ ತೊಟ್ಟೆಗೆ ಸೇರಿಸ್ತೇನೆ. ಮಣ್ಣು ಬಿಸಿಲಿಗೆ ಒಣಗಬಾರದು. ರೋಗದ ಮರದ್ದು ಬೇಡವೇ ಬೇಡ.

ಜೆಸಿಬಿ ಹತ್ತಿಸಿ ಗುಡ್ಡ ಬೋಳಿಸಿ, ಕೆಂಪುನೆಲದಲ್ಲಿ ಕಾಡುಸಸಿ ನೆಡುವವರಿಗೆ ಒಂದು ಮಾತು: ಅಲ್ಲಲ್ಲಿ ಹಳೇ ಮರ ಉಳಿಸಿಕೊಳ್ಳಿ. ಶಿಲೀಂಧ್ರ ಜೀವ ಹಿಡಿದಿರುವುದು ಅದರ ಬೇರಲ್ಲಿ. ಸಸಿಯನ್ನು ತೀರಾ ಬುಡಕ್ಕೆ ನೆಡದೆ ಕೊಂಬೆಯ ನೆರಳಿನ ಅಂಚಿಗೆ ನೆಡಿ. ಬುಡದಲ್ಲಿ ನೀರಿಗೂ ಬೆಳಕಿಗೂ ದೊಡ್ಡಮರದ್ದೇ ಪೈಪೋಟಿ.