ಸುಗ್ಗಿಯ ಹೊರೆ ಮತ್ತು ಗಣಕಜಾಲದ ಸಾಮರ್ಥ್ಯ

ಉದ್ದಿಮೆಯೊಂದರ ಸರಕು, ಹಣ, ದುಡಿಮೆಗಳ ಲೆಕ್ಕವನ್ನು ಒಂದೇ ಗಣಕಜಾಲದಲ್ಲಿ ನಿರ್ವಹಿಸುವ ತಂತ್ರಾಂಶವು ಇಆರ್‌ಪಿ ಎಂದು ಪ್ರಸಿದ್ಧವಾಗಿದೆ. ಇದೇ ಬಗೆಯ ಜೋಡಣೆಯನ್ನು ಕರ್ನಾಟಕವು ಕೃಷಿ ಮಾರುಕಟ್ಟೆಗಳಿಗೆ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ತಂದಿತು. ಬಾಗಿಲಲ್ಲಿ ಲಾಟ್ ಸಂಖ್ಯೆ ನೀಡುವುದರಿಂದ ತೊಡಗಿ ಇ-ಟೆಂಡರು, ತೂಕ, ಪಾವತಿಗಳವರೆಗೆ ಎಲ್ಲವೂ ಇಲ್ಲಿ ಒಂದೇ ಸರಪಳಿ. 2016ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಇ-ನಾಮ್‌ಗೂ ಇದರ ಅನುಭವ ಪ್ರೇರಣೆಯಾಯಿತು.

ಇಂತಹ ವ್ಯವಸ್ಥೆಯ ಸಾಮರ್ಥ್ಯವನ್ನು ಸರಾಸರಿ ವಹಿವಾಟಿನಿಂದ ನಿರ್ಧರಿಸಲಾಗದು. ಯಶವಂತಪುರದಂತಹ ಪ್ರಾಂಗಣಕ್ಕೆ ಈರುಳ್ಳಿ, ಆಲೂಗಡ್ಡೆಗಳು ವರ್ಷವಿಡೀ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಸುಗ್ಗಿಯಲ್ಲಿ ಒಮ್ಮೆಲೇ ತುಂಬಿಬರುತ್ತವೆ. ಟೆಂಡರಿನಲ್ಲಿಯೂ ವರ್ತಕರು ಕೊನೆಯ ಗಳಿಗೆಯವರೆಗೆ ಕಾದು ದರ ನಮೂದಿಸುವುದು ಸಹಜ. ಆ ಕೆಲವು ನಿಮಿಷಗಳ ಹೊರೆಯನ್ನು ಸರ್ವರ್‌ಗಳು ತಾಳಬೇಕು. ಬದಲಿ ವಿದ್ಯುತ್ತು, ಎರಡನೆಯ ಸಂಪರ್ಕಮಾರ್ಗ, ದತ್ತಾಂಶದ ಮರುಪ್ರತಿ ಸಿದ್ಧವಿರಬೇಕು.

ಯಲಹಂಕ, ಹೆಬ್ಬಾಳಗಳ ಸೀಮೆಯ ಕೆರೆ ಪರಂಪರೆಯು ಈ ವಿವೇಕವನ್ನು ಬಲ್ಲುದು. ಗದ್ದೆಗೆ ನೀರುಣಿಸುವ ತೂಬು ದಿನನಿತ್ಯದ ಅಗತ್ಯಕ್ಕಾದರೆ, ಕೋಡಿ ಮಹಾಮಳೆಗಾಗಿ. ಕೋಡಿ ಕಿರಿದಾದರೆ ಏರಿಯೇ ಒಡೆಯುತ್ತದೆ; ಹರಿದ ನೀರಿಗೆ ಕೆಳಗಿನ ಕೆರೆ ಆಸರೆ. ತೂಬಿನ ಹದವರಿತ ನೀರುಗಂಟಿಯೂ ಆ ವ್ಯವಸ್ಥೆಯ ಅಂಗವೇ ಆಗಿದ್ದ. ಅಂತೆಯೇ ತೂಕದವರ, ಹಮಾಲರ, ಗುಮಾಸ್ತರ ತರಬೇತಿಯನ್ನೂ ಸಾಮರ್ಥ್ಯದ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಜಾಲ ಸ್ಥಗಿತಗೊಂಡ ದಿನ ಅದರ ಬೆಲೆ ತೆರುವವನು ಬಾಡಿಗೆ ಲಾರಿಯಲ್ಲಿ ಫಸಲು ತಂದು, ಅಂದೇ ಮಾರಿ ಊರಿಗೆ ಮರಳಬೇಕಾದ ರೈತ. ಆದ್ದರಿಂದ ಯೋಜಕನು ಯಂತ್ರಗಳನ್ನು ಎಣಿಸುವ ಮೊದಲು ಸುಗ್ಗಿಯ ಕಾಲಮಾನವನ್ನು ಅರಿಯುವುದು ಅಗತ್ಯ.