ಶಾಲೆಯ ಸಿಬ್ಬಂದಿಯೂ ರಕ್ಷಾ ಸಾಧನಗಳೂ

ಪುಣೆಯ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ 1848ರಲ್ಲಿ ಜ್ಯೋತಿರಾವ್ ಫುಲೆಯವರು ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದರು. ಅಲ್ಲಿ ಪಾಠ ಹೇಳಲು ಹೋಗುತ್ತಿದ್ದ ಸಾವಿತ್ರಿಬಾಯಿಯವರ ಮೇಲೆ ದಾರಿಯಲ್ಲಿ ಜನರು ಕೆಸರು ಸೆಗಣಿಗಳನ್ನು ಎಸೆಯುತ್ತಿದ್ದರೆಂದೂ, ಅದಕ್ಕಾಗಿ ಅವರು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ದು ಶಾಲೆಯನ್ನು ಸೇರಿದ ಮೇಲೆ ಉಡುತ್ತಿದ್ದರೆಂದೂ ಈ ಊರಿನಲ್ಲಿ ಇಂದಿಗೂ ಹೇಳುತ್ತಾರೆ. ಶಾಲೆಯಲ್ಲಿ ದುಡಿಯುವವರೊಬ್ಬರು ತಮ್ಮ ರಕ್ಷಣೆಗೆ ತಾವೇ ಕಂಡುಕೊಂಡ ಸಾಧನವೆಂದು ಆ ಎರಡನೆಯ ಸೀರೆಯನ್ನು ಕರೆದರೆ ತಪ್ಪಾಗಲಾರದು. ಆದರೆ ಅದರ ಮಿತಿಯನ್ನೂ ಗಮನಿಸತಕ್ಕದ್ದು. ಸೀರೆಯು ಕಲೆಯನ್ನು ಮರೆಸಿತು. ಕೆಸರೆಸೆಯುವ ಕೈಯನ್ನು ತಡೆಯಲಿಲ್ಲ. ತಡೆಯಬೇಕಾದವರು ತಡೆಯದಿದ್ದುದರಿಂದ ಭಾರವೆಲ್ಲ ಸಹಿಸುವವರ ಹೆಗಲಿಗೇ ಬಿತ್ತು. ರಕ್ಷಾ ಸಾಧನಗಳ ಸ್ವಭಾವವೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ.

ಶಾಲೆಯಲ್ಲಿ ಕೆಲಸ ಮಾಡುವವರಿಗೆ ಬರಬಹುದಾದ ಅಪಾಯಗಳನ್ನು ಅಳೆಯುವುದು ಹೇಗೆ, ಅವಕ್ಕೆ ತಕ್ಕ ರಕ್ಷಾ ಸಾಧನಗಳನ್ನು ಆರಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುವ ಉದ್ದೇಶವಿದೆ. ಕಾರ್ಖಾನೆಯ ಅಪಾಯವನ್ನು ಎಲ್ಲರೂ ಒಪ್ಪುತ್ತಾರೆ. ಶಾಲೆಯೆಂದರೆ ಮಕ್ಕಳ ನೆನಪಾಗುವುದೇ ಹೊರತು ಅಲ್ಲಿಯ ಜವಾನ, ಅಡುಗೆಯವರು, ಪ್ರಯೋಗಶಾಲೆಯ ಸಹಾಯಕ, ಶೌಚಾಲಯವನ್ನು ತೊಳೆಯುವವರು ನೆನಪಾಗುವುದಿಲ್ಲ.

ನಾನು ಈ ವಿಷಯಕ್ಕೆ ಬಂದುದು ಒಂದು ತಪ್ಪಿನ ಮೂಲಕ. ಈ ಊರಿನ ಒಂದು ಶಾಲೆಯ ಸಮಿತಿಯಲ್ಲಿ ಕೆಲಕಾಲ ನಾನು ಸದಸ್ಯನಾಗಿದ್ದೆ. ಪುಣೆಯ ಶಾಲೆಗಳಲ್ಲಿ ಸೇವಕಿಯರನ್ನು ‘ಮಾವಶಿ’ ಎಂದು ಕರೆಯುವ ರೂಢಿಯುಂಟು. ಆ ಶಾಲೆಯ ಮಾವಶಿ ಕಲಬುರ್ಗಿಯ ಕಡೆಯಿಂದ ಬಂದವರು. ಒಂದು ದಿನ ಶೌಚಾಲಯಕ್ಕೆ ಆಸಿಡ್ ಸುರಿದು, ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಬ್ಲೀಚಿಂಗ್ ಪೌಡರ್ ಹಾಕಿದರು. ಕ್ಷಣದಲ್ಲಿ ಎದ್ದ ಹೊಗೆಯಿಂದ ಉಸಿರು ಕಟ್ಟಿ ಹೊರಗೆ ಬಂದು ಕುಸಿದರು. ವೈದ್ಯರ ಉಪಚಾರದಿಂದ ಚೇತರಿಸಿಕೊಂಡರೆಂಬುದು ಪುಣ್ಯ. ಮರುದಿನವೇ ಸಮಿತಿಯು ಒಂದು ಪೆಟ್ಟಿಗೆ ಮಾಸ್ಕುಗಳನ್ನು ತರಿಸಿ ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿತು. ಆ ಬಿಲ್ಲಿಗೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಶೌಚಾಲಯದ ಆಸಿಡ್ಡೆಂದರೆ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪೌಡರಿನೊಡನೆ ಕೂಡಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ನಾವು ಕೊಂಡ ಮಾಸ್ಕು ಧೂಳಿನದು. ಅನಿಲವು ಅದರ ಮೂಲಕ ನಿರಾತಂಕವಾಗಿ ಹಾದುಹೋಗುತ್ತದೆ. ಇದು ತಿಳಿದ ಮೇಲೆ ಆಕೆಯನ್ನು ವಿಚಾರಿಸಲು ಹೋದೆ. “ದಿನಾ ಗಂಟಲಾ ಉರೀತಿತ್ತರೀ ಸಾಹೇಬ್ರ, ಕೇಳಾವ್ರು ಯಾರರೀ?” ಎಂಬ ಉತ್ತರ ಬಂದಿತು.

ಬ್ಯಾಂಕಿನ ಕೆಲಸದಲ್ಲಿ ಒಂದು ಮೂಲ ಪಾಠವುಂಟು. ಸಾಲ ಕೊಡುವ ಮುನ್ನ ವ್ಯವಹಾರವನ್ನು ಪರಿಶೀಲಿಸಬೇಕು. ಅಡಮಾನವು ಎಲ್ಲವೂ ಕೈಕೊಟ್ಟಾಗ ಹಿಡಿಯುವ ಕೊನೆಯ ಆಸರೆ. ಅಡಮಾನ ಗಟ್ಟಿಯಾಗಿದೆಯೆಂದು ಪರಿಶೀಲನೆಯನ್ನೇ ಬಿಡುವ ಅಧಿಕಾರಿ ಬ್ಯಾಂಕನ್ನು ಮುಳುಗಿಸುತ್ತಾನೆ. ಕೈಗವಸು, ಕನ್ನಡಕ, ಮಾಸ್ಕುಗಳ ಸ್ಥಾನವೂ ಅಡಮಾನದ ಸ್ಥಾನವೇ.

ಪರಿಶೀಲನೆಯಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು, ಅಪಾಯದ ಮೂಲ. ಇನ್ನೊಂದು, ಅದರಿಂದ ಕೇಡಾಗುವ ಸಂಭವ ಮತ್ತು ಆ ಕೇಡಿನ ತೀವ್ರತೆ. ಬೀಗ ಹಾಕಿದ ಕಪಾಟಿನಲ್ಲಿರುವ ಗಂಧಕಾಮ್ಲವೂ ಅಪಾಯದ ಮೂಲವೇ. ಆದರೆ ಅದನ್ನು ದೊಡ್ಡ ಬಾಟಲಿಯಿಂದ ಚಿಕ್ಕದಕ್ಕೆ ಬಗ್ಗಿಸುವ ಹೊತ್ತಿನಲ್ಲಿ ಸಂಭವವು ಏರುತ್ತದೆ. ಆದುದರಿಂದ ಪಟ್ಟಿಯನ್ನು ಕೋಣೆಗಳ ಪ್ರಕಾರವಲ್ಲ, ಕೆಲಸಗಳ ಪ್ರಕಾರ ಮಾಡತಕ್ಕದ್ದು: ನೆಲ ತೊಳೆಯುವುದು, ಆಮ್ಲ ಬಗ್ಗಿಸುವುದು, ಗಂಜಿ ಬಸಿಯುವುದು, ಬೆಂಚು ಸಾಗಿಸುವುದು, ಬಲ್ಬು ಬದಲಿಸುವುದು. ಪ್ರತಿಯೊಂದು ಕೆಲಸದ ಮುಂದೆ ಯಾರು ಮಾಡುತ್ತಾರೆ, ಎಷ್ಟು ಸಲ, ಏನು ತಗಲಬಹುದು, ಶರೀರದ ಯಾವ ಭಾಗಕ್ಕೆ ಎಂಬುದನ್ನು ಬರೆಯಬೇಕು. ಮುಖ್ಯಾಧ್ಯಾಪಕರು ಕುರ್ಚಿಯಲ್ಲಿ ಕುಳಿತು ಮಾಡಿದ ಪಟ್ಟಿಯಿಂದ ಪ್ರಯೋಜನವಿಲ್ಲ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಬೇಕು, ಮಾಡುವವರನ್ನು ಕೇಳಬೇಕು. ಗಂಟಲು ಉರಿಯುತ್ತದೆಂಬ ಮಾತು ಯಾವ ದಫ್ತರದಲ್ಲಿಯೂ ದೊರೆಯುವುದಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ಪರಿಹಾರಗಳನ್ನು ಒಂದು ಕ್ರಮದಲ್ಲಿ ಹುಡುಕಬೇಕು. ಅಪಾಯದ ಮೂಲವನ್ನೇ ತೆಗೆದುಹಾಕಲು ಬರುವುದೇ? ಬಾರದಿದ್ದರೆ ಸೌಮ್ಯವಾದುದನ್ನು ಬಳಸಬಹುದೇ? ಅದೂ ಸಾಧ್ಯವಿಲ್ಲದಿದ್ದರೆ ತಡೆ, ಗಾಳಿಯ ವ್ಯವಸ್ಥೆ ಮುಂತಾದವುಗಳಿಂದ ಮನುಷ್ಯನನ್ನು ಅದರಿಂದ ದೂರವಿಡಬಹುದೇ? ಬಳಿಕ, ಕೆಲಸದ ರೀತಿಯನ್ನೂ ಶಿಕ್ಷಣವನ್ನೂ ತಿದ್ದಬಹುದೇ? ಇವೆಲ್ಲವುಗಳ ನಂತರವೂ ಉಳಿಯುವ ಅಪಾಯಕ್ಕೆ ಮಾತ್ರ ರಕ್ಷಾ ಸಾಧನ. ಸೀಮೆಸುಣ್ಣದ ಧೂಳಿಗೆ ಮಾಸ್ಕು ಬೇಡ. ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದರೆ ಸಾಕು. ವಿದ್ಯುತ್ತಿನ ಆಘಾತಕ್ಕೆ ಜವಾನನಿಗೆ ರಬ್ಬರು ಕೈಗವಸು ಕೊಡುವುದಕ್ಕಿಂತ, 30 ಮಿಲಿ ಆಂಪಿಯರ್ ಸೋರಿಕೆಗೇ ಪ್ರವಾಹವನ್ನು ಕಡಿಯುವ ಸಾಧನವನ್ನು ಜೋಡಿಸಿ, ದುರಸ್ತಿಯನ್ನು ಬಲ್ಲವರಿಗೆ ಒಪ್ಪಿಸುವುದು ಮೇಲು.

ಇನ್ನು ಸಾಧನಗಳ ಆಯ್ಕೆಯ ವಿಚಾರ. ಎಲ್ಲ ಅಪಾಯಗಳಿಗೂ ಒಂದೇ ಕೈಗವಸು ಸಲ್ಲದು. ತೆಳ್ಳನೆಯ ನೈಟ್ರೈಲ್ ಕೈಗವಸು ರಾಸಾಯನಿಕದ ಹನಿಗಳನ್ನು ಸ್ವಲ್ಪ ಹೊತ್ತು ತಡೆಯಬಲ್ಲುದು. ಹನಿ ಬಿದ್ದೊಡನೆ ಅದನ್ನು ಕಳಚಬೇಕು. ಶೌಚಾಲಯ ತೊಳೆಯಲು ಮುಂಗೈಯನ್ನೂ ಮುಚ್ಚುವ ದಪ್ಪ ರಬ್ಬರಿನದು ಬೇಕು. ಅಡುಗೆಮನೆಯಲ್ಲಿ ಇವೆರಡೂ ಅಪಾಯಕರ, ಬಿಸಿಗೆ ಕರಗಿ ಚರ್ಮಕ್ಕೆ ಅಂಟಬಹುದು. ಅಲ್ಲಿ ದಪ್ಪ ಹತ್ತಿಯ ಹಿಡಿಕೆ ಬೇಕು, ಅದೂ ಒಣಗಿದ್ದು. ಒದ್ದೆಯಾದ ಬಟ್ಟೆಯು ಬಿಸಿಯನ್ನು ಬೇಗನೆ ಕೈಗೆ ಮುಟ್ಟಿಸುತ್ತದೆ. ನೈಲಾನ್ ಸೀರೆಗಿಂತ ಹತ್ತಿಯ ಉಡುಪು, ಅದರ ಮೇಲೆ ಏಪ್ರನ್, ಜಾರದ ಮುಚ್ಚಿದ ಪಾದರಕ್ಷೆ ಒಲೆಯ ಮುಂದೆ ನಿಲ್ಲುವವರಿಗೆ ಅವಶ್ಯಕ.

ಕಣ್ಣಿನ ಮಟ್ಟಿಗೆ, ಓದುವ ಕನ್ನಡಕವು ರಕ್ಷೆಯಲ್ಲ. ಆಮ್ಲ ಸಿಡಿಯುವ ಕೆಲಸಕ್ಕೆ ಸುತ್ತಲೂ ಮುಖಕ್ಕೆ ಹೊಂದಿ ಕೂರುವ ರಕ್ಷಾ ಕನ್ನಡಕ ಬೇಕು. ಕನ್ನಡಕಧಾರಿಗಳಿಗೆ ಅದರ ಮೇಲೆ ಹಾಕಿಕೊಳ್ಳಲು ಬರುವಂಥದು. ಆದರೂ ಸಿಡಿದುದಾದರೆ ಹರಿಯುವ ನೀರಿನಿಂದ ಕನಿಷ್ಠ 15 ನಿಮಿಷ ಕಣ್ಣು ತೊಳೆದು ವೈದ್ಯರಲ್ಲಿಗೆ ಹೋಗತಕ್ಕದ್ದು. ನೀರಿನ ನಲ್ಲಿಯಿಲ್ಲದ ಪ್ರಯೋಗಶಾಲೆಗೆ ಕನ್ನಡಕ ಕೊಂಡರೆ ಅರ್ಧ ಕೆಲಸವಾದಂತೆ.

ಉಸಿರಿನ ವಿಷಯದಲ್ಲಿಯೇ ತಪ್ಪುಗಳು ಹೆಚ್ಚು. ಕಣಗಳನ್ನು ಸೋಸುವ ಮಾಸ್ಕುಗಳಿಗೆ ಐ.ಎಸ್. 9473 ಎಂಬ ಭಾರತೀಯ ಮಾನಕವುಂಟು. ಎಫ್‌ಎಫ್‌ಪಿ 1, 2, 3 ಎಂಬ ಮೂರು ದರ್ಜೆಗಳುಂಟು. ಧೂಳಿಗೆ ಅವು ಸರಿ. ಗಡ್ಡದವರ ಮುಖಕ್ಕೆ ಮಾತ್ರ ಬಿಗಿಯಾಗಿ ಕೂರುವುದಿಲ್ಲ. ಅನಿಲಕ್ಕೆ ಅವು ಉಪಯೋಗವಿಲ್ಲ. ಆಮ್ಲಜನಕವೇ ಇಲ್ಲದೆಡೆಯಲ್ಲಂತೂ ಸೋಸುವ ಮಾಸ್ಕಿಗೆ ಅರ್ಥವೇ ಇಲ್ಲ. ಆದುದರಿಂದ ಮಲಗುಂಡಿಯಂತಹ ಸ್ಥಳಕ್ಕೆ ಶಾಲೆಯ ಯಾವ ಸೇವಕನನ್ನೂ ಇಳಿಸಬಾರದು. 2013ರ ಕಾಯ್ದೆಯು ಮಲಗುಂಡಿಗಳ ಅಪಾಯಕರ ಶುದ್ಧೀಕರಣಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸಿದೆ. ಯಂತ್ರವನ್ನು ಕರೆಸುವುದೇ ಅಲ್ಲಿಯ ರಕ್ಷಾ ಸಾಧನ.

ಕಾಯ್ದೆಯ ದೃಷ್ಟಿಯಿಂದ ಶಾಲೆಯ ಸ್ಥಿತಿ ವಿಚಿತ್ರವಾದುದು. 1948ರ ಕಾರ್ಖಾನೆ ಕಾಯ್ದೆಯು ಕಾರ್ಖಾನೆಗಳನ್ನು ಕುರಿತದ್ದು. ಸಾಮಾನ್ಯ ಶಾಲೆಯು ಅದರಡಿ ಬರಲಿಲ್ಲ. ಶಿಕ್ಷಣಸಂಸ್ಥೆಯು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಉದ್ಯಮವಾದರೂ ಅಲ್ಲಿಯ ಶಿಕ್ಷಕರು ‘ಕೆಲಸಗಾರ’ರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಪಿತ್ತಿತು. ಕಾರ್ಖಾನೆ ಕಾಯ್ದೆಯ ಸ್ಥಾನದಲ್ಲಿ ವೃತ್ತಿಸುರಕ್ಷತೆಯನ್ನು ಕುರಿತ 2020ರ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಇತ್ತ ಕುಂಭಕೋಣದಲ್ಲಿ 2004ರ ಜುಲೈ 16ರಂದು 94 ಮಕ್ಕಳು ಬೆಂಕಿಗೆ ಬಲಿಯಾದ ದುರಂತದ ತರುವಾಯ, 2009ರಲ್ಲಿ ಅದೇ ನ್ಯಾಯಾಲಯವು ಶಾಲೆಗಳ ಅಗ್ನಿಸುರಕ್ಷತೆಯ ಬಗ್ಗೆ ನಿರ್ದೇಶನಗಳನ್ನು ಕೊಟ್ಟಿತು. ಆ ಬೆಂಕಿ ಅಡುಗೆಯ ಒಲೆಯಿಂದ ಹೊತ್ತಿದುದೆಂಬುದನ್ನು ಮರೆಯಲಾಗದು. ಅಡುಗೆಯವರ ಸುರಕ್ಷತೆಯೂ ಮಕ್ಕಳ ಸುರಕ್ಷತೆಯೂ ಬೇರೆಬೇರೆಯಲ್ಲ. ಕಾಯ್ದೆಯ ವ್ಯಾಖ್ಯೆ ಏನೇ ಇರಲಿ, ಆಮ್ಲವು ಸುಡುವ ಮುನ್ನ ಹುದ್ದೆಯನ್ನು ಕೇಳುವುದಿಲ್ಲ.

ಕೊನೆಯದಾಗಿ ನಿರ್ವಹಣೆ. ಸಾಧನದ ವೆಚ್ಚವನ್ನು ಸಂಸ್ಥೆಯೇ ವಹಿಸಬೇಕು, ಸಂಬಳದಿಂದ ಕಡಿಯಬಾರದು. ಅಳತೆಯು ಹಾಕಿಕೊಳ್ಳುವವರದಾಗಿರಬೇಕು, ಗಂಡಸರ ಅಳತೆಯ ಗಂಬೂಟು ಹೆಂಗಸಿನ ಕಾಲಿನಲ್ಲಿ ಜಾರಿ ತಾನೇ ಅಪಾಯವಾಗುತ್ತದೆ. ಹಾಕುವ, ಕಳಚುವ, ತೊಳೆಯುವ ರೀತಿಯನ್ನು ಅವರ ಭಾಷೆಯಲ್ಲಿ ತೋರಿಸಿಕೊಡಬೇಕು. ಹರಿದುದನ್ನು ಬದಲಿಸಿದ ದಿನವನ್ನೂ, ಗಾಯವಾಗದೆ ತಪ್ಪಿದ ಪ್ರಸಂಗಗಳನ್ನೂ ಒಂದು ವಹಿಯಲ್ಲಿ ಬರೆದಿಡಬೇಕು. ವರ್ಷಕ್ಕೊಮ್ಮೆಯೂ, ಹೊಸ ವಸ್ತು ಬಂದಾಗಲೂ ಪಟ್ಟಿಯನ್ನು ಮತ್ತೆ ನೋಡಬೇಕು.

ಆ ಶಾಲೆಯಲ್ಲಿ ತರುವಾಯ ಆಸಿಡ್ಡಿನ ಖರೀದಿಯನ್ನೇ ನಿಲ್ಲಿಸಿ, ಸಾಬೂನಿನ ದ್ರಾವಣವನ್ನೂ ಗಡಸು ಕುಂಚವನ್ನೂ ತರಿಸಲಾಯಿತು. ಶೌಚಾಲಯದ ಮುಚ್ಚಿಹೋಗಿದ್ದ ಗವಾಕ್ಷಿಯನ್ನು ತೆರೆಯಲಾಯಿತು. ಉದ್ದನೆಯ ಕೈಗವಸನ್ನು ಮಾವಶಿ ತಾವೇ ಹಾಕಿನೋಡಿ ಆರಿಸಿದರು. ಮಾಸ್ಕಿನ ಪೆಟ್ಟಿಗೆಯು ಬಹಳ ದಿನ ಕಪಾಟಿನಲ್ಲಿಯೇ ಇದ್ದಿತು. ಶಾಲೆಗಳ ಸಮಿತಿಗಳಲ್ಲಿರುವ ನಮ್ಮ ವಾಚಕರು ಮುಂದಿನ ಬಿಲ್ಲಿಗೆ ಸಹಿ ಹಾಕುವ ಮುನ್ನ, ಆ ಸಾಧನವನ್ನು ಬಳಸುವವರನ್ನು ಒಮ್ಮೆ ಕರೆದು ಮಾತನಾಡಿಸಿದರೆ ಈ ಬರಹದ ಉದ್ದೇಶವು ಸಾರ್ಥಕವಾದಂತೆ.