ದಿಢೀರ್ ಸಂಶಯ, ಅಚಲ ನಂಬಿಕೆ: ಕಾಯಿಲೆಯನ್ನು ಗುರುತಿಸುವುದು ಹೇಗೆ?

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳಿಗೂ ನಮ್ಮ ಕರಾವಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಗದ್ದೆಗಳಿಗೆ ಹರಿದರೂ ಕುಷ್ಟಗಿ, ಯಲಬುರ್ಗಾದ ಬಹುಪಾಲು ಹೊಲಗಳು ಮಳೆಯನ್ನೇ ನಂಬಿವೆ. ಮಳೆ ಕೈಕೊಟ್ಟ ವರ್ಷ ಅಲ್ಲಿಂದ ಗುಳೆ ಹೊರಟ ಕುಟುಂಬಗಳು ಮಂಗಳೂರು, ಉಡುಪಿಯ ಕಡೆಗೆ ಕಟ್ಟಡ ಕೆಲಸಕ್ಕೆ ಬರುತ್ತವೆ. ಇತ್ತ ಕರಾವಳಿಯ ಧರ್ಮಗುರುಗಳು, ಧರ್ಮಭಗಿನಿಯರು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಆ ಭಾಗಕ್ಕೆ ಸೇವೆಗೆಂದು ಹೋಗುತ್ತಾರೆ.

ಹೀಗಾಗಿ ಈ ಎರಡೂ ಕಡೆ ನಮಗೆ ಎದುರಾಗಬಹುದಾದ ಒಂದು ಕಾಯಿಲೆಯ ಬಗ್ಗೆ ತಿಳಿದಿರುವುದು ಅಗತ್ಯ. ನಿನ್ನೆ ಮೊನ್ನೆಯವರೆಗೆ ಸರಿಯಾಗಿದ್ದ ವ್ಯಕ್ತಿ ಇದ್ದಕ್ಕಿದ್ದಂತೆ ಮನೆಯವರನ್ನೇ ಶತ್ರುಗಳೆಂದು ನಂಬತೊಡಗುತ್ತಾನೆ. ಆಗ ಕುಟುಂಬದವರು ಮೊದಲು ಸಲಹೆ ಕೇಳುವುದು ಹೆಚ್ಚಾಗಿ ವೈದ್ಯರನ್ನಲ್ಲ. ನೆರೆಮನೆಯವರನ್ನು, ವಾರ್ಡಿನ ಗುರಿಕಾರರನ್ನು, ಗುರುಗಳನ್ನು, ಸಿಸ್ಟರ್‌ರನ್ನು. ಆ ಮೊದಲ ದಿನಗಳಲ್ಲಿ ನಾವು ಹೇಳುವ ಮಾತು ಆ ಕುಟುಂಬ ಯಾವ ದಾರಿ ಹಿಡಿಯಬೇಕೆಂಬುದನ್ನು ನಿರ್ಧರಿಸಬಹುದು.

ಭ್ರಮೆ ಎಂದರೇನು?

ಸಾಕ್ಷಿ ಇಲ್ಲದ, ಎಷ್ಟು ವಿವರಿಸಿದರೂ ಸಡಿಲವಾಗದ, ಸುತ್ತಲಿನ ಜನರೂ ಒಪ್ಪದ ಗಟ್ಟಿ ನಂಬಿಕೆಯನ್ನು ಮನೋವೈದ್ಯರು ಭ್ರಮೆ ಎನ್ನುತ್ತಾರೆ. ಚಿತ್ತವಿಕಲತೆ ಎಂಬ ತೀವ್ರ ಮಾನಸಿಕ ಕಾಯಿಲೆಗಳ ಗುಂಪಿನಲ್ಲಿ ಇದು ಮುಖ್ಯ ಲಕ್ಷಣ. ಸ್ಕಿಜೋಫ್ರೀನಿಯಾ ಈ ಗುಂಪಿಗೆ ಸೇರಿದ್ದು. ತೀವ್ರ ಖಿನ್ನತೆ ಮತ್ತು ಉನ್ಮಾದದಲ್ಲಿಯೂ ಭ್ರಮೆ ಕಾಣಿಸಿಕೊಳ್ಳಬಹುದು.

ಕೊಪ್ಪಳದ ಕಡೆಯವರು ಇದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ: "ನನ್ನ ಊಟದಾಗ ಏನೋ ಹಾಕ್ಯಾರ", "ಮಂದಿ ನನ್ನ ನೋಡಿ ಮಾತಾಡ್ಕೋತಾರ", "ಟಿವ್ಯಾಗ ನನ್ನ ಸುದ್ದೀನ ಹೇಳಾಕತ್ತಾರ". ಮೊಬೈಲಿನಲ್ಲಿ ಯಾರೋ ಕುಳಿತು ತನ್ನನ್ನು ನೋಡುತ್ತಿದ್ದಾರೆ, ಹೆಂಡತಿಗೆ ಬೇರೆ ಸಂಬಂಧವಿದೆ, ತನಗೆ ದೇವರು ವಿಶೇಷ ಅಧಿಕಾರ ಕೊಟ್ಟಿದ್ದಾನೆ ಎಂಬುವು ಇದರ ಬೇರೆ ರೂಪಗಳು. ಜೊತೆಗೆ ಯಾರೂ ಇಲ್ಲದಾಗ ಕಿವಿಯಲ್ಲಿ ಮಾತು ಕೇಳಿಸುವುದೂ ಉಂಟು.

ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಿದೆ. ಯಾವುದಕ್ಕೆ ಗಮನ ಕೊಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಗುರುತಿಸಲು ಅದು ನೆರವಾಗುತ್ತದೆ. ಅದರ ಕೆಲಸ ಏರುಪೇರಾದಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೆಮ್ಮಿದ್ದು, ಪಕ್ಕದ ಮನೆಯ ಬಾಗಿಲು ಹಾಕಿಕೊಂಡದ್ದು ಎಲ್ಲವೂ ತನಗೇ ಸಂಬಂಧಿಸಿದ ಸೂಚನೆಯಂತೆ ಕಾಣುತ್ತವೆ. ಮನಸ್ಸು ಅವನ್ನೆಲ್ಲ ಜೋಡಿಸಿ ಒಂದು ಕಥೆ ಕಟ್ಟುತ್ತದೆ. ಕಟ್ಟಿದವರಿಗೆ ಅದು ಕಥೆಯಲ್ಲ, ಕಣ್ಣಾರೆ ಕಂಡ ಸತ್ಯ. ಆದ್ದರಿಂದಲೇ ಬುದ್ಧಿ ಹೇಳುವುದರಿಂದ ಭ್ರಮೆ ಹೋಗುವುದಿಲ್ಲ.

ಊರಿನ ನಂಬಿಕೆಯೇ, ಕಾಯಿಲೆಯೇ?

ಇಲ್ಲಿ ಒಂದು ತೊಡಕಿದೆ. ಮಾಟ, ಮದ್ದು, ದೃಷ್ಟಿ ಮುಂತಾದ ನಂಬಿಕೆಗಳು ಬಯಲುಸೀಮೆಯಲ್ಲೂ ಇವೆ, ಕರಾವಳಿಯಲ್ಲೂ ಇವೆ. ಹೊಲಕ್ಕೆ ಯಾರದೋ ದೃಷ್ಟಿ ತಾಗಿದೆ ಎಂದು ಒಬ್ಬರು ಹೇಳಿದ ಮಾತ್ರಕ್ಕೆ ಅವರು ರೋಗಿಯಲ್ಲ. ಹತ್ತು ಜನ ಹಂಚಿಕೊಂಡ ನಂಬಿಕೆ ಬೇರೆ, ಒಬ್ಬರಿಗೆ ಮಾತ್ರ ದಿಢೀರನೆ ಬಂದು ಬದುಕನ್ನೇ ತಲೆಕೆಳಗು ಮಾಡುವ ನಂಬಿಕೆ ಬೇರೆ. ಅನುಮಾನ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳೋಣ.

1. ಈ ಮಾತು ಹೊಸದೇ? ಕೆಲವು ದಿನ ಅಥವಾ ವಾರಗಳ ಹಿಂದೆ ಅವರು ಹೀಗಿದ್ದರೇ?
2. ಅದೇ ಮನೆಯ, ಅದೇ ಊರಿನ ಹಿರಿಯರಿಗೂ ಈ ಮಾತು ವಿಚಿತ್ರವಾಗಿ ಕಾಣುತ್ತಿದೆಯೇ?
3. ನಿದ್ದೆ, ಊಟ, ಸ್ನಾನ, ಕೆಲಸ ಕೆಟ್ಟಿದೆಯೇ? ಒಬ್ಬರೇ ಮಾತನಾಡುವುದು, ಬಾಗಿಲು ಹಾಕಿಕೊಂಡು ಕೂರುವುದು ಇದೆಯೇ?
4. ಆ ನಂಬಿಕೆಯಿಂದ ಮನೆಯ ಊಟ ಬಿಡುವುದು, ಊರು ಬಿಟ್ಟು ಓಡುವುದು, ಯಾರ ಮೇಲೋ ಕೈ ಎತ್ತುವುದು ಆರಂಭವಾಗಿದೆಯೇ?

ಇವುಗಳಲ್ಲಿ ಹೆಚ್ಚಿನವಕ್ಕೆ ಹೌದು ಎಂಬ ಉತ್ತರ ಬಂದರೆ ಕಾದು ನೋಡುವುದು ಬೇಡ. ಎರಡನೆಯ ಪ್ರಶ್ನೆ ವಿಶೇಷವಾಗಿ ಉಪಯುಕ್ತ. ಅವರದೇ ಮನೆಯ ಅಜ್ಜಿ "ಇವ ನಮ್ಮ ಹುಡುಗನಂಗ ಇಲ್ಲ" ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ದಿಢೀರನೆ ಬಂದರೆ ದೇಹವನ್ನೂ ನೋಡಬೇಕು

ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುವ ಭ್ರಮೆಯ ಹಿಂದೆ ದೇಹದ ಕಾಯಿಲೆ ಇರಬಹುದು. ಮಿದುಳು ಜ್ವರ, ಟೈಫಾಯಿಡ್, ಥೈರಾಯಿಡ್ ದೋಷ, ಮೂರ್ಛೆರೋಗ, ಗಾಂಜಾ ಸೇವನೆ ಇವುಗಳಲ್ಲಿ ಸೇರಿವೆ. ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈ ನಡುಕ, ಬೆವರು, ಗೊಂದಲ, ಇಲ್ಲದ್ದು ಕಾಣುವುದು ಶುರುವಾಗಬಹುದು. ಇದು ಪ್ರಾಣಾಪಾಯದ ಸ್ಥಿತಿ. ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು.

ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಬರುವ ಇಂಥ ಸ್ಥಿತಿಗೆ ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದಿದ್ದರು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ತಾಯಿ ಮಗು ಇಬ್ಬರಿಗೂ ಅಪಾಯವಿರುವುದರಿಂದ ಇದೂ ತುರ್ತು ಚಿಕಿತ್ಸೆಯ ವಿಷಯ. ಬೇಗ ಚಿಕಿತ್ಸೆ ಸಿಕ್ಕಿದ ತಾಯಂದಿರಲ್ಲಿ ಹೆಚ್ಚಿನವರು ಚೆನ್ನಾಗಿ ಗುಣಮುಖರಾಗುತ್ತಾರೆ.

ಜೋಳದ ನಾಡಾದ ದಖ್ಖನ್‌ಗೆ ಇನ್ನೊಂದು ಹಳೆಯ ಪಾಠವಿದೆ. ಜೋಳವನ್ನೇ ಮುಖ್ಯವಾಗಿ ಉಣ್ಣುವ ಬಡವರಲ್ಲಿ ಪೆಲಾಗ್ರ ಎಂಬ ಕಾಯಿಲೆಯನ್ನು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ ಅಧ್ಯಯನ ಮಾಡಿ 1960ರಲ್ಲಿ ವರದಿ ಮಾಡಿದರು. ನಯಾಸಿನ್ ಎಂಬ ಜೀವಸತ್ವದ ಕೊರತೆಯ ಈ ಕಾಯಿಲೆಯಲ್ಲಿ ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗುವುದು, ಭೇದಿ ಮತ್ತು ಬುದ್ಧಿಭ್ರಮಣೆ ಕಾಣಿಸಿಕೊಳ್ಳುತ್ತವೆ. ಜೋಳದ ಜೊತೆ ಬೇಳೆ, ಹಾಲು, ಸೊಪ್ಪು ಇದ್ದರೆ ಭಯವಿಲ್ಲ. ಈಗ ಪೆಲಾಗ್ರ ಅಪರೂಪವಾದರೂ, ತಲೆ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ದೇಹವನ್ನು ಪರೀಕ್ಷಿಸಬೇಕು ಎಂಬ ಮಾತು ಹಳೆಯದಾಗಿಲ್ಲ.

ನಾವು ಏನು ಹೇಳಬೇಕು, ಏನು ಹೇಳಬಾರದು?

ವಾದ ಮಾಡಬಾರದು. "ನಿನಗೆ ಹುಚ್ಚು, ಯಾರೂ ಏನೂ ಹಾಕಿಲ್ಲ" ಎಂದರೆ ಅವರ ದೃಷ್ಟಿಯಲ್ಲಿ ನಾವೂ ಶತ್ರುಗಳ ಗುಂಪಿಗೆ ಸೇರುತ್ತೇವೆ. ಸಮಾಧಾನಪಡಿಸಲು "ಹೌದು, ಅವರು ಹಾಕಿರಬಹುದು" ಎನ್ನುವುದೂ ತಪ್ಪು. ಅದು ಭ್ರಮೆಗೆ ಸಾಕ್ಷಿ ಹೇಳಿದಂತೆ. ನಂಬಿಕೆಯನ್ನು ಬದಿಗಿಟ್ಟು ಅವರ ಕಷ್ಟಕ್ಕೆ ಮಾತು ಕೊಡಬೇಕು: "ನಾಲ್ಕು ದಿವಸದಿಂದ ನಿದ್ದಿ ಇಲ್ಲ, ಭಾಳ ಹೆದರೀರಿ ಅನ್ನಸ್ತದ. ನಿದ್ದಿಗೆ ಡಾಕ್ಟರ್ ಹತ್ರ ತೋರ್ಸೋಣ, ನಾ ಜೊತೀಗೆ ಬರ್ತೀನಿ." ಭ್ರಮೆ ಇದೆ ಎಂದು ಒಪ್ಪದವರೂ ನಿದ್ದೆ ಇಲ್ಲ, ತಲೆ ಭಾರ ಎಂಬುದನ್ನು ಒಪ್ಪುತ್ತಾರೆ.

ಊಟದ ಮೇಲೆ ಸಂಶಯವಿದ್ದರೆ ಬಲವಂತ ಮಾಡದೆ ಒಂದೇ ಪಾತ್ರೆಯಿಂದ ಎಲ್ಲರೂ ಬಡಿಸಿಕೊಂಡು ಉಣ್ಣಬಹುದು. ಗುಟ್ಟಾಗಿ ಅನ್ನದಲ್ಲಿ ಔಷಧ ಬೆರೆಸುವುದು ಬೇಡ. ಸಿಕ್ಕಿಬಿದ್ದರೆ ಅವರ ಸಂಶಯವನ್ನು ನಾವೇ ನಿಜ ಮಾಡಿದಂತಾಗುತ್ತದೆ. ಇಂಥ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರಿಗೂ ತೊಂದರೆ ಕೊಡುವವರಲ್ಲ. ಆದರೆ ಸಾಯುವ ಮಾತು, ನಿರ್ದಿಷ್ಟ ವ್ಯಕ್ತಿಯ ಮೇಲೆ ಸೇಡಿನ ಮಾತು, ನೀರನ್ನೂ ಬಿಡುವುದು ಕಂಡರೆ 108 ಅಥವಾ 112ಕ್ಕೆ ಕರೆ ಮಾಡಬೇಕು.

ಚಿಕಿತ್ಸೆ ಎಲ್ಲಿದೆ?

ಈ ವಿಷಯದಲ್ಲಿ ನಮ್ಮ ರಾಜ್ಯವೇ ದೇಶಕ್ಕೆ ದಾರಿ ತೋರಿಸಿದೆ ಎಂಬುದು ಹೆಮ್ಮೆಯ ಸಂಗತಿ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳ ತರಬೇತಿ ನೀಡಿ, ಔಷಧಗಳನ್ನು ಹಳ್ಳಿಯ ಸಮೀಪಕ್ಕೆ ತಂದಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ನಮ್ಮ ಈ ನಾಲ್ಕು ತಾಲ್ಲೂಕುಗಳು ಬಳ್ಳಾರಿಯ ಮಗ್ಗುಲಲ್ಲೇ ಇದ್ದವು; 1997ರಲ್ಲಿ ಇವು ಕೊಪ್ಪಳ ಜಿಲ್ಲೆಯಾದವು.

ಈಗ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಈ ಕಾರ್ಯಕ್ರಮವಿದೆ. 2014ರಲ್ಲಿ ಆರಂಭವಾದ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋರೋಗ ತಜ್ಞರ ಸೇವೆ ದೊರಕಿಸುವ ವ್ಯವಸ್ಥೆ ಮಾಡಲಾಯಿತು. ಯಾವ ವಾರ ಎಲ್ಲಿ ಎಂಬುದನ್ನು ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಆಸ್ಪತ್ರೆಗಳಲ್ಲೇ ಮೊದಲು ವಿಚಾರಿಸುವುದು ಒಳ್ಳೆಯದು. ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಕರಾವಳಿಯಲ್ಲಿರುವವರಿಗೆ ಮಂಗಳೂರಿನ ವೆನ್‌ಲಾಕ್, ಫಾದರ್ ಮುಲ್ಲರ್ ಮೊದಲಾದ ಆಸ್ಪತ್ರೆಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಸೇವೆ ಇದ್ದರೂ ತಲುಪುವವರು ಕಡಿಮೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 1.4 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇಂಥ ಕಾಯಿಲೆ ಬಂದಿರುತ್ತದೆ. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಔಷಧ ಎಷ್ಟು ದಿನ?

ರಿಸ್ಪೆರಿಡೋನ್, ಓಲಾಂಜಪಿನ್, ಹ್ಯಾಲೊಪೆರಿಡಾಲ್ ಮೊದಲಾದ ಔಷಧಗಳು ಬಳಕೆಯಲ್ಲಿವೆ. ನಿದ್ದೆ, ಚಡಪಡಿಕೆ ಕೆಲವೇ ದಿನಗಳಲ್ಲಿ ಸುಧಾರಿಸುತ್ತವೆ. ನಂಬಿಕೆ ಸಡಿಲವಾಗಲು ಕೆಲವು ವಾರ ಬೇಕು. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ತೂಕ ಹೆಚ್ಚುವುದು, ಮಂಪರು, ಮೈ ಬಿಗಿತ ಕಂಡರೆ ವೈದ್ಯರಿಗೆ ಹೇಳಿ ಪ್ರಮಾಣ ಬದಲಿಸಿಕೊಳ್ಳಬಹುದು. ಅಲ್ಪಕಾಲದಲ್ಲಿ ಬಂದು ಎರಡು ಮೂರು ತಿಂಗಳಲ್ಲಿ ಪೂರ್ತಿ ವಾಸಿಯಾಗುವ ಪ್ರಕಾರವೂ ಇದೆ, ಅದು ನಮ್ಮಂಥ ದೇಶಗಳಲ್ಲಿ ಹೆಚ್ಚು. ಆದರೂ ಗುಣವಾಯಿತೆಂದು ತಾವಾಗಿ ಔಷಧ ಬಿಡಬಾರದು. ಎಷ್ಟು ಕಾಲ ಬೇಕೆಂದು ವೈದ್ಯರೇ ಹೇಳಬೇಕು. ಮೊದಲ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ.

ಪ್ರಾರ್ಥನೆ ಮತ್ತು ಔಷಧ

ಪ್ರಾರ್ಥಿಸಿ ಎಂದು ಕೇಳಿ ಬಂದವರಿಗಾಗಿ ಪ್ರಾರ್ಥಿಸೋಣ. ಆದರೆ ದೆವ್ವ ಹಿಡಿದಿದೆ ಎಂದು ನಾವೇ ತೀರ್ಪು ಕೊಡುವುದು ಸಭೆಯ ಬೋಧನೆಗೂ ವಿರುದ್ಧ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 1673ನೇ ಪರಿಚ್ಛೇದ ಕಾಯಿಲೆ, ಅದರಲ್ಲೂ ಮಾನಸಿಕ ಕಾಯಿಲೆ ಬೇರೆಯೇ ವಿಷಯವೆಂದೂ ಅದರ ಚಿಕಿತ್ಸೆ ವೈದ್ಯವಿಜ್ಞಾನಕ್ಕೆ ಸೇರಿದ್ದೆಂದೂ ಹೇಳುತ್ತದೆ. ಧರ್ಮಾಧ್ಯಕ್ಷರ ಅನುಮತಿ ಇಲ್ಲದೆ ಯಾರೂ ವಿಧ್ಯುಕ್ತವಾಗಿ ದೆವ್ವ ಬಿಡಿಸುವಂತಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟು ಸತ್ತದ್ದನ್ನು ಮರೆಯುವಂತಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗಳನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ದಿಕ್ಕಿಲ್ಲದೆ ಅಲೆಯುವ ರೋಗಿಯನ್ನು ಪೊಲೀಸರು ರಕ್ಷಣೆಗೆ ಪಡೆದರೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು.

ಗುಳೆ ಬಂದ ಕೆಲಸಗಾರನಿಗೆ ಇಂಥ ಕಾಯಿಲೆ ಬಂದಾಗ ಅವನನ್ನು ಊರಿನ ಬಸ್ಸು ಹತ್ತಿಸಿ ಕೈತೊಳೆದುಕೊಂಡರೆ ಅಪಾಯ ಹೆಚ್ಚು. ಹೆದರಿದವನು ನಡುದಾರಿಯಲ್ಲಿ ಇಳಿದು ಕಾಣೆಯಾಗಬಹುದು. ಮೊದಲು ಇಲ್ಲೇ ವೈದ್ಯರಿಗೆ ತೋರಿಸಿ, ನಂಬಿಕಸ್ಥ ಬಂಧುವನ್ನು ಜೊತೆ ಮಾಡಿ, ಔಷಧದ ಚೀಟಿಯನ್ನೂ ಒಂದು ತಿಂಗಳ ಮಾತ್ರೆಯನ್ನೂ ಕೈಗೆ ಕೊಟ್ಟು ಕಳುಹಿಸೋಣ. ಕೊಪ್ಪಳದ ಕಡೆ ಸೇವೆಯಲ್ಲಿರುವ ನಮ್ಮವರಿಗೆ, ಮನೆಯವರ ಒಪ್ಪಿಗೆ ಪಡೆದು, ಒಂದು ಫೋನ್ ಮಾಡೋಣ. ಆ ಚೀಟಿ ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ತಲುಪಿತೇ ಎಂದು ಹದಿನೈದು ದಿನ ಬಿಟ್ಟು ವಿಚಾರಿಸೋಣ.